ನೆರಳಲ್ಲಿ ಸೊರಗಿದ ಗುಲಾಬಿಯನ್ನು ಬಿಸಿಲಿನ ಜಾಗಕ್ಕೆ ಸಾಗಿಸುವ ಬಗೆ

ಕಡ್ಡಿಗಳು ಸಪೂರವಾಗಿ ಬೆಳಕಿನತ್ತ ವಾಲುತ್ತಿವೆ, ಮೊಗ್ಗು ಅಪರೂಪ, ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ. ಇಂಥ ಗಿಡಕ್ಕೆ ಎಷ್ಟು ಗೊಬ್ಬರ ಹಾಕಿದರೂ ವ್ಯರ್ಥ. ಗುಲಾಬಿಗೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಬೆಳಗಿನ ಬಿಸಿಲು ಬೀಳುವ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು: ಎಲೆ ಮೇಲಿನ ಇಬ್ಬನಿ ಬೇಗ ಆರಿ, ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಬೇಕಾದ ತೇವ ಉಳಿಯುವುದಿಲ್ಲ.

ಚಳಿ ಪ್ರದೇಶವಾದರೆ ಗಿಡ ಎಲೆ ಉದುರಿಸಿ ಸುಪ್ತವಾಗಿರುವಾಗ ಕೀಳಿ. ಬೆಚ್ಚಗಿನ ಪ್ರದೇಶವಾದರೆ ತಂಪಿನ ತಿಂಗಳುಗಳಲ್ಲಿ, ಸಂಜೆ ಹೊತ್ತು. ಕಡು ಬೇಸಿಗೆಯಲ್ಲಿ ಮಾತ್ರ ಕೈಹಾಕಬೇಡಿ.

ಮೊದಲು ಹೊಸ ಗುಂಡಿ ಸಿದ್ಧವಾಗಲಿ, ಗಿಡ ಕೀಳುವುದು ಆಮೇಲೆ. ಬೇರು ಗಾಳಿಗೆ ಒಣಗಿದರೆ ಸೂಕ್ಷ್ಮ ಬೇರುಗಳು ಸಾಯುತ್ತವೆ, ನೀರು ಹೀರುವುದು ಅವೇ. ಗುಂಡಿ 60 ಸೆಂ.ಮೀ. ಅಗಲ, 45 ಸೆಂ.ಮೀ. ಆಳ ಇರಲಿ. ಅದಕ್ಕೆ ನೀರು ತುಂಬಿಸಿ ನೋಡಿ. ಮರುದಿನವೂ ನಿಂತಿದ್ದರೆ ಆ ಜಾಗ ಬಿಡಿ. ಮೊದಲು ಗುಲಾಬಿ ಇದ್ದ ಜಾಗವೂ ಬೇಡ, ಹಳೆಯ ಮಣ್ಣಲ್ಲಿ ಹೊಸ ಗುಲಾಬಿ ಏಳುವುದು ಕಷ್ಟ. ಅಗೆದ ಮಣ್ಣು 2 ಪಾಲಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ 1 ಪಾಲು ಬೆರೆಸಿ.

ಕೀಳುವ ಹಿಂದಿನ ದಿನ ಬುಡಕ್ಕೆ ಧಾರಾಳ ನೀರು ಕೊಡಿ, ಮಣ್ಣು ಬೇರನ್ನು ಹಿಡಿದುಕೊಳ್ಳುತ್ತದೆ. ಒಣಗಿದ, ಸಪೂರ ಕಡ್ಡಿಗಳನ್ನು ಬುಡಕ್ಕೇ ಕತ್ತರಿಸಿ, ಉಳಿದವನ್ನು 30–45 ಸೆಂ.ಮೀ. ಎತ್ತರಕ್ಕೆ ಸವರಿ. ಅಗೆಯುವಾಗ ಎಷ್ಟೇ ಎಚ್ಚರ ವಹಿಸಿದರೂ ಒಂದಷ್ಟು ಬೇರು ಕಡಿದೇ ಹೋಗುತ್ತದೆ. ಉಳಿದ ಬೇರು ಇಡೀ ಗಿಡಕ್ಕೆ ನೀರು ಒದಗಿಸಲಾರದು. ಬುಡದಿಂದ 30 ಸೆಂ.ಮೀ. ದೂರದಲ್ಲಿ ಸುತ್ತಲೂ ಅಗೆದು, 40 ಸೆಂ.ಮೀ. ಆಳಕ್ಕೆ ಹೋದ ಮೇಲೆ ಅಡಿಯಿಂದ ಮೀಟಿ. ಕಾಂಡ ಹಿಡಿದು ಎಳೆಯಬೇಡಿ. ಬೇರಿನ ಮುದ್ದೆಯನ್ನು ಒದ್ದೆ ಗೋಣಿಯ ಮೇಲೆ ಜಾರಿಸಿ ಸಾಗಿಸಿ.

ಕಸಿ ಗಂಟು (ಕಸಿ ಕಟ್ಟಿದಲ್ಲಿ ಕಾಂಡದ ಬುಡದಲ್ಲಿ ಕಾಣುವ ಉಬ್ಬು) ಬೆಚ್ಚಗಿನ ಕಡೆ ಮಣ್ಣಿನಿಂದ ಒಂದೆರಡು ಬೆರಳು ಮೇಲಿರಲಿ, ಹಿಮ ಬೀಳುವ ಕಡೆ ಮಣ್ಣಿನೊಳಗಿರಲಿ. ಅರ್ಧ ಗುಂಡಿ ತುಂಬಿ ನೀರು ಹಾಕಿ, ಇಂಗಿದ ಮೇಲೆ ಉಳಿದದ್ದನ್ನು ತುಂಬಿ. ಇಲ್ಲದಿದ್ದರೆ ಬೇರಿನ ಸುತ್ತ ಗಾಳಿಯ ಪೊಳ್ಳು ಉಳಿಯುತ್ತದೆ. ಕೊನೆಗೆ ಸುಮಾರು 10 ಲೀಟರ್ ನೀರು ನಿಧಾನವಾಗಿ ಕೊಟ್ಟು, 5 ಸೆಂ.ಮೀ. ದಪ್ಪ ಒಣ ಎಲೆ ಹೊದಿಸಿ, ಕಾಂಡಕ್ಕೆ ತಾಗದಂತೆ.

ಎಲೆ ಇರುವ ಗಿಡಕ್ಕೆ ಮೊದಲ ವಾರ ಮಧ್ಯಾಹ್ನದ ಬಿಸಿಲಿಗೆ ಮರೆ ಕಟ್ಟಿ. ಮಧ್ಯಾಹ್ನ ಬಾಡಿದ ಎಲೆ ಸಂಜೆಗೆ ನೆಟ್ಟಗಾದರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಬೆರಳು ಹೂತು ಮಣ್ಣು ನೋಡಿ: ಒಣಗಿದ್ದರೆ ನೀರು ಕೊಡಿ, ಕೆಸರಾಗಿದ್ದರೆ ನಿಲ್ಲಿಸಿ. ರಾಸಾಯನಿಕ ಗೊಬ್ಬರ ಹೊಸ ಚಿಗುರು ಎಲೆಯಾಗಿ ಬಲಿಯುವವರೆಗೂ ಬೇಡ, ಗಾಯಗೊಂಡ ಬೇರನ್ನು ಅದು ಸುಡುತ್ತದೆ. ಮೊದಲ ಮೊಗ್ಗುಗಳನ್ನು ಚಿವುಟಿ; ಆ ಶಕ್ತಿ ಬೇರಿಗೆ ಹೋಗಲಿ. ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ಕಸಿಗೆ ಬಳಸಿದ ಕಾಡು ಗುಲಾಬಿಯ ಬೇರಿನದು, ಮಣ್ಣು ಸರಿಸಿ ಹುಟ್ಟಿದಲ್ಲೇ ಕಿತ್ತುಹಾಕಿ.

ವಾರಗಳಾದರೂ ಚಿಗುರು ಕಾಣದಿದ್ದರೆ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ, ಕಾಯಿರಿ. ಕಂದಾಗಿದ್ದರೆ ಹಸಿರು ಸಿಗುವವರೆಗೂ ಕೆಳಕೆಳಗೆ ಸವರಿ.