ಪಿಕೆಸಿ ಓದುವುದು ಹೇಗೆ: ಮೊದಲು ಸುಮ್ನೆ ಕೂತ ಕಿಣ್ವ ಬರೆಯಿರಿ

ಸೆಲ್ ಸಿಗ್ನಲಿಂಗ್, ಅಂದರೆ ಹೊರಗಿನ ಸುದ್ದಿ ಜೀವಕೋಶದೊಳಗೆ ತಲುಪುವ ಪಾಠ ಬಂತು ಅಂದ್ರೆ ನನ್ನ ಹತ್ತಿರ ಟ್ಯೂಷನ್‌ಗೆ ಬರುವ ಮಕ್ಕಳು ಬಾಣ ಹಾಕಲು ಶುರು ಮಾಡುತ್ತಾರೆ. ಹಾರ್ಮೋನ್, ಬಾಣ, ರಿಸೆಪ್ಟರ್, ಬಾಣ, ಕೈನೇಸ್. ವಿಜಯಪುರದವರಿರಲಿ, ಇಂಡಿ, ಸಿಂದಗಿಯಿಂದ ಬಸ್ಸಿಗೆ ಬರುವವರಿರಲಿ, ಎಲ್ಲರ ನೋಟ್ಸೂ ಇದೇ ಥರ. ಪರೀಕ್ಷೆಗೆ ಅಷ್ಟು ಸಾಕಾಗಬಹುದು. ಆದರೆ ಪ್ರೋಟೀನ್ ಕೈನೇಸ್ ಸಿ, ಅಂದರೆ ಪಿಕೆಸಿ ಎಂಬ ಕಿಣ್ವ, ನಿಜವಾಗಿ ತಲೆಗೆ ಹತ್ತಬೇಕಾದರೆ ಬಾಣ ಪಕ್ಕಕ್ಕಿಡಿ. ಅದು ಕೆಲಸ ಮಾಡದೆ ಕೂತಿರುವ ಚಿತ್ರ ಮೊದಲು ಬರೆಯಿರಿ.

ಹಾಳೆಯ ನಡುವೆ ಎರಡು ಉಂಡೆ ಬರೆದು ಗೆರೆಯಿಂದ ಜೋಡಿಸಿ. ಬಲಗಡೆಯದು ಕೆಲಸದ ಭಾಗ. ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಬೇರೆ ಪ್ರೋಟೀನಿನ ಸೆರಿನ್ ಅಥವಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲದ ಮೇಲೆ ಕೂರಿಸುತ್ತದೆ. ಎಡಗಡೆಯದು ತಡೆಯುವ ಭಾಗ. ಅದರಿಂದ ಒಂದು ಸಣ್ಣ ಬಾಲ ಎಳೆದು ಬಲ ಉಂಡೆಯ ಬಾಯೊಳಗೆ ತುರುಕಿ. ಅದೇ ಸ್ಯೂಡೋಸಬ್‌ಸ್ಟ್ರೇಟ್.

ಇಲ್ಲಿ ಅವಸರ ಬೇಡ. ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು. ಪಿಕೆಸಿ ಹಿಡಿಯುವ ಪ್ರೋಟೀನುಗಳಲ್ಲಿ ಅಮೈನೋ ಆಮ್ಲಗಳ ಸಾಲು ಹೇಗಿರುತ್ತದೋ ಈ ಬಾಲದಲ್ಲೂ ಹೆಚ್ಚುಕಡಿಮೆ ಹಾಗೇ ಇದೆ. ಆದರೆ ಸೆರಿನ್ ಇರಬೇಕಾದ ಕಡೆ ಅಲನಿನ್ ಇದೆ. ಫಾಸ್ಫೇಟ್ ಕೂರುವುದು ಸೆರಿನ್‌ನ ಓಎಚ್ ಮೇಲೆ. ಅಲನಿನ್‌ಗೆ ಆ ಓಎಚ್ ಇಲ್ಲ. ಬಾಯಿ ತುಂಬಿದೆ, ಕೆಲಸ ಮಾತ್ರ ಆಗುವುದಿಲ್ಲ. ಎಡೆ ಹೊಡೆಯುವಾಗ ಬೆಳೆಗೆ ಬಾಯಿ ಹಾಕದಿರಲಿ ಅಂತ ಎತ್ತಿಗೆ ಕುಕ್ಕೆ ಕಟ್ಟುತ್ತಾರಲ್ಲ, ಹಾಗೆ. ಇಲ್ಲಿ ಕುಕ್ಕೆಯೂ ಕಿಣ್ವದ ಮೈಯದೇ ಒಂದು ಭಾಗ.

ಈಗ ಮೇಲೆ ಜೀವಕೋಶದ ಪೊರೆ, ಅದರಲ್ಲಿ ಹಾರ್ಮೋನ್ ಹಿಡಿಯುವ ರಿಸೆಪ್ಟರ್ ಬರೆಯಿರಿ. ರಿಸೆಪ್ಟರ್‌ಗೆ ಹಾರ್ಮೋನ್ ತಾಗಿತು, ಅದರ ಜೊತೆಗಿನ ಜಿಕ್ಯೂ ಪ್ರೋಟೀನ್ ಎದ್ದಿತು, ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವ ಬಂದು ಪೊರೆಯ ಪಿಐಪಿ-2 ಎಂಬ ಕೊಬ್ಬಿನ ಅಣುವನ್ನು ಡಿಎಜಿ, ಐಪಿ-3 ಅಂತ ಎರಡು ತುಂಡು ಮಾಡಿತು. ಡಿಎಜಿ ಪೊರೆಯಲ್ಲೇ ಉಳಿಯುತ್ತದೆ. ಐಪಿ-3 ಒಳಗೆ ಹೋಗಿ ಕೋಶದ ಕ್ಯಾಲ್ಸಿಯಂ ಉಗ್ರಾಣವಾದ ಇಆರ್‌ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಬಿಡಿಸುತ್ತದೆ. ಕ್ಯಾಲ್ಸಿಯಂ ಎಡ ಉಂಡೆಯ ಸಿ-2 ಭಾಗಕ್ಕೆ ಅಂಟಿ ಪಿಕೆಸಿಯನ್ನು ಪೊರೆಗೆ ತರುತ್ತದೆ, ಅಲ್ಲಿ ಅದೇ ಉಂಡೆಯ ಸಿ-1 ಭಾಗ ಡಿಎಜಿಯನ್ನು ಹಿಡಿಯುತ್ತದೆ. ಎರಡೂ ಹಿಡಿತ ಕೂಡಿದಾಗ ಬಾಲ ಬಾಯಿಂದ ಹೊರಗೆ ಬರುತ್ತದೆ.

ಪಿಕೆಸಿ ಅಂದರೆ ಒಂದೇ ಕಿಣ್ವ ಅಲ್ಲ, ಒಂದು ಕುಟುಂಬ. ಅದರ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಕ್ಯಾಲ್ಸಿಯಂ ತೆಗೆದರೆ ಯಾರು ಉಳಿಯುತ್ತಾರೆ ಅಂತ ಕೇಳಿಕೊಳ್ಳಿ. ಆಲ್ಫಾ, ಬೀಟಾ, ಗಾಮಾಗಳ ಕೆಲಸ ನಿಂತುಹೋಗುತ್ತದೆ. ಡೆಲ್ಟಾ, ಎಪ್ಸಿಲಾನ್, ಈಟಾ, ಥೀಟಾಗಳಿಗೆ ಡಿಎಜಿ ಇದ್ದರೆ ಸಾಕು. ಡಿಎಜಿಯನ್ನೂ ತೆಗೆದರೆ? ಝೀಟಾ ಮತ್ತು ಅಯೋಟಾ ಉಳಿಯುತ್ತವೆ, ಅವು ಬೇರೆ ಪ್ರೋಟೀನುಗಳ ಜೊತೆ ಸೇರಿ ಎದ್ದೇಳುತ್ತವೆ. ಗಾಮಾ ಇರುವುದು ಮುಖ್ಯವಾಗಿ ನರಕೋಶಗಳಲ್ಲಿ. ಅದರ ಜೀನ್ ಕೆಟ್ಟರೆ ನಡಿಗೆಯ ಸಮತೋಲನ ತಪ್ಪುವ ಒಂದು ಕಾಯಿಲೆ ಬರುತ್ತದೆ.

ಇನ್ನು ಪಿಕೆಸಿ ಆರುವ, ಅಂದರೆ ಕೆಲಸ ನಿಲ್ಲಿಸುವ ಭಾಗ. ಇದನ್ನು ಯಾರೂ ಬರೆಯುವುದೇ ಇಲ್ಲ. ಡಿಎಜಿ ಕೈನೇಸ್ ಎಂಬ ಇನ್ನೊಂದು ಕಿಣ್ವ ಡಿಎಜಿಯನ್ನು ಬೇಗ ಬದಲಾಯಿಸಿಬಿಡುತ್ತದೆ, ಪಿಕೆಸಿ ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮ ಕಡೆ ಹೊಲದ ಬೇಲಿಗೆ ಹಚ್ಚುವ ಕಾಡು ಹರಳು, ಅಂದರೆ ಜಟ್ರೋಫಾ, ಅದರ ಬೀಜದಲ್ಲಿ ಈ ಮುಚ್ಚುವಿಕೆಯನ್ನು ತಡೆಯುವ ಫೋರ್ಬಾಲ್ ಎಸ್ಟರ್ ಎಂಬ ವಸ್ತು ಇದೆ. ಜಾಪಾಳದ ಎಣ್ಣೆಯಲ್ಲೂ ಇದೆ. ಇವು ಡಿಎಜಿಯ ಜಾಗದಲ್ಲೇ ಕೂರುತ್ತವೆ, ಆದರೆ ಬೇಗ ಹೋಗುವುದಿಲ್ಲ. ಪಿಕೆಸಿ ತೆರೆದೇ ಇರುತ್ತದೆ. ಜಪಾನಿನ ಕೋಬೆಯಲ್ಲಿ 1977ರಲ್ಲಿ ಈ ಕಿಣ್ವ ಕಂಡುಹಿಡಿದ ಯಾಸುಟೊಮಿ ನಿಶಿಜುಕಾ ಅವರ ತಂಡವೇ 1982ರಲ್ಲಿ ಇದನ್ನೂ ತೋರಿಸಿತು.

ಹಾಗಂತ ಫೋರ್ಬಾಲ್ ಹಾಕಿದ ಪ್ರಯೋಗ ಕಂಡ ಕೂಡಲೇ ಪಿಕೆಸಿ ಜಾಸ್ತಿ ಆಯ್ತು ಅಂತ ಬರೆಯಬೇಡಿ. ತುಂಬಾ ಹೊತ್ತು ತೆರೆದಿದ್ದ ಪಿಕೆಸಿಯನ್ನು ಜೀವಕೋಶವೇ ಒಡೆದುಹಾಕುತ್ತದೆ. ಕೆಲವು ನಿಮಿಷ ಇಟ್ಟರೆ ಕೆಲಸ ಏರುತ್ತದೆ, ರಾತ್ರಿಯಿಡೀ ಇಟ್ಟರೆ ಎಷ್ಟೋ ಕೋಶಗಳಲ್ಲಿ ಕಿಣ್ವವೇ ಖಾಲಿ. ಝೀಟಾ, ಅಯೋಟಾಗಳಿಗೆ ಮಾತ್ರ ಏನೂ ಆಗುವುದಿಲ್ಲ, ಅವುಗಳ ಸಿ-1 ಫೋರ್ಬಾಲನ್ನು ಹಿಡಿಯುವುದೇ ಇಲ್ಲ. ಅದಕ್ಕೇ ಪ್ರಶ್ನೆಪತ್ರಿಕೆಯಲ್ಲಿ ಇಂಥ ಪ್ರಯೋಗದ ಗ್ರಾಫ್ ಬಂದರೆ ಮೊದಲು ಎಷ್ಟು ಹೊತ್ತು ಇಟ್ಟಿದ್ದಾರೆ ನೋಡಿ, ಆಮೇಲೆ ಯಾವ ಪಿಕೆಸಿ ಅಂತ ನೋಡಿ, ಆಮೇಲೆ ಪೆನ್ನು ಹಿಡಿಯಿರಿ.