ಪೆನ್ಸಿಲ್‌ಗಿಂತ ಮೊದಲು ಮಣ್ಣೆತ್ತು

ಎಂಟು ವರ್ಷದ ಹಿಂದೆ ನನ್ನ ಯುಕೆಜಿ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ‘ಅ’ ಬರೆಯಲು ಕೂತರೆ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆ ಹರಿಯುವ ಹಾಗೆ ಒತ್ತುತ್ತಿದ್ದ. ಅರ್ಧ ಸಾಲು ಮುಗಿಯುವುದರೊಳಗೆ ಕೈ ಝಾಡಿಸುತ್ತಿದ್ದ. ನಾನು ಅವನ ಕೈ ಹಿಡಿದು ತಿದ್ದಿಸುತ್ತಿದ್ದೆ, ಮನೆಗೂ ಒಂದು ಪುಟ ಬರೆಯಲು ಕೊಡುತ್ತಿದ್ದೆ. ಒಂದು ದಿನ ಪೆನ್ಸಿಲ್ ಕೆಳಗಿಟ್ಟು ಹೇಳಿದ: “ಟೀಚರ, ನನ್ನ ಕೈಯಾಗ ಅಕ್ಷರನ ಇಲ್ರಿ.”

ಐದು ವರ್ಷದ ಕೂಸಿನ ಬಾಯಲ್ಲಿ ಆ ಮಾತು ಕೇಳಿ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅದೇ ವಾರ ಮಣ್ಣೆತ್ತಿನ ಅಮವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ಹಬ್ಬದ ಮರುದಿನ ಆ ಹುಡುಗ ಟಿಫಿನ್ ಡಬ್ಬಿಯಲ್ಲಿ ಒಂದು ಎತ್ತು ತಂದಿದ್ದ, ಅಜ್ಜನ ಜೊತೆ ಕೂತು ತಾನೇ ಮಾಡಿದ್ದಂತೆ. ನಾಲ್ಕು ಕಾಲು, ಬೆನ್ನ ಮೇಲೆ ಡುಬ್ಬ, ಒಳಕ್ಕೆ ಬಾಗಿದ ಎರಡು ಕೋಡು. ಕೋಡಿನ ತುದಿ ಜೋಳದ ಕಾಳಿಗಿಂತ ಸಣ್ಣ. ಉಗುರ ಸಂದಿಯಲ್ಲಿ ಇನ್ನೂ ಕಪ್ಪು ಮಣ್ಣಿತ್ತು. ಆ ಕೋಡು ತೀಡಿದ ಬೆರಳಿಗೆ ಶಕ್ತಿ ಇಲ್ಲ ಎಂದು ನಾನು ಹೇಗೆ ಹೇಳಲಿ? ಅವನ ಕೈಗೆ ಬರುವುದನ್ನು ಬಿಟ್ಟು ಬಾರದ್ದನ್ನು ದಿನಾ ಕೇಳುತ್ತಿದ್ದವಳು ನಾನು.

ಮುಂದಿನ ಜೂನ್‌ನಿಂದ ನನ್ನ ತರಗತಿಯಲ್ಲಿ ದಸರೆಯವರೆಗೆ ಪೆನ್ಸಿಲ್ ಇಲ್ಲ. ಮುಖ್ಯ ಶಿಕ್ಷಕಿಯವರನ್ನು ಒಪ್ಪಿಸಲು ಎರಡು ವಾರ ಹಿಡಿಯಿತು. “ಒಂದು ವರ್ಷ ಮಾಡಿ ನೋಡ್ರಿ, ಆಮೇಲೆ ಮಾತಾಡೋಣು” ಅಂದರು. ಅಷ್ಟು ಸಾಕಾಗಿತ್ತು.

ನಮ್ಮ ಶಾಲೆ ಇರುವುದು ಧಾರವಾಡದ ಹೊಸಯಲ್ಲಾಪುರದ ಕಡೆ. ತರಗತಿಯಲ್ಲಿ 28 ಮಕ್ಕಳು, ನಾನು, ಒಬ್ಬ ಆಯಾ. ಶಾಲೆ ಶುರುವಾಗುವುದೂ ಮಣ್ಣಿನ ಹಬ್ಬಗಳು ಶುರುವಾಗುವುದೂ ಇಲ್ಲಿ ಒಂದೇ ಹೊತ್ತಿಗೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತು, ಆಷಾಢದ ಮಂಗಳವಾರಗಳಲ್ಲಿ ಮಣ್ಣಿನಲ್ಲಿ ಮಾಡಿ ಪೂಜಿಸುವ ಗುಳ್ಳವ್ವ, ಶ್ರಾವಣಕ್ಕೆ ಪಂಚಮಿ, ಭಾದ್ರಪದಕ್ಕೆ ಗಣಪ್ಪ. ನಾನು ಬೇರೆ ಪಠ್ಯ ಹುಡುಕಲಿಲ್ಲ, ಈ ಸಾಲನ್ನೇ ಹಿಡಿದೆ.

ಮಣ್ಣಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮೊದಲ ವರ್ಷ ನಾನು ತಪ್ಪಿದ್ದು ಅಲ್ಲೇ. ನವಲಗುಂದದ ಕಡೆಯಿಂದ ಒಬ್ಬ ಪಾಲಕರು ಒಂದು ಚೀಲ ಎರಿಮಣ್ಣು ತಂದುಕೊಟ್ಟರು. ನೀರು ಹಾಕಿ ಹಾಗೆಯೇ ಮಕ್ಕಳ ಕೈಗೆ ಕೊಟ್ಟೆ. ಎರಿಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮರುದಿನ ಬಂದು ನೋಡಿದರೆ ಒಂದು ಎತ್ತಿಗೂ ಕಾಲಿರಲಿಲ್ಲ, ಮಕ್ಕಳ ಮುಖ ನೋಡಲಾಗಲಿಲ್ಲ. ಓಣಿಯ ಕುಂಬಾರಣ್ಣನನ್ನು ಕೇಳಿದೆ. ಮಣ್ಣನ್ನು ಜರಡಿ ಹಿಡಿದು, ಎರಡು ದಿನ ನೆನೆಸಿ, ಒಂದು ಹಿಡಿ ಹತ್ತಿಯನ್ನು ಬಿಡಿಸಿ ಬೆರೆಸಿ ಚೆನ್ನಾಗಿ ನಾದಬೇಕು, ಬಿಸಿಲಿಗಿಡದೆ ನೆರಳಲ್ಲಿ ಒಣಗಿಸಬೇಕು ಎಂದರು. ಈಗ ನಾದುವ ಕೆಲಸವೇ ನಮ್ಮ ಮೊದಲ ಪಾಠ. ಮುದ್ದೆಯನ್ನು ಎರಡೂ ಕೈಯಲ್ಲಿ ಹಿಸುಕುವುದು, ಅಂಗೈಯಲ್ಲಿ ಉಂಡೆ ಮಾಡುವುದು, ಮಣೆಯ ಮೇಲೆ ಹೊಸೆದು ಹಾವು ಮಾಡುವುದು, ಕೊನೆಗೆ ಬೆರಳ ತುದಿಯಿಂದ ಚಿವುಟಿ ಕಿವಿ, ಕೋಡು ತೆಗೆಯುವುದು. ಮೊದಲು ಭುಜ, ಆಮೇಲೆ ಅಂಗೈ, ಆಮೇಲೆ ಬೆರಳು. ಎತ್ತಿನ ಜೊತೆ ಗ್ವಾದಲಿಯನ್ನೂ, ಅಂದರೆ ಮೇವು ಹಾಕುವ ತೊಟ್ಟಿಯನ್ನೂ ಮಾಡಿಸುತ್ತೇನೆ, ಅದು ಸುಲಭ. ಕೋಡು ಬಾರದ ಮಗುವಿಗೂ ‘ನಾನು ಮಾಡಿದೆ’ ಅನ್ನಲು ಒಂದು ಬೇಕಲ್ಲ.

ಮಣಿಕಟ್ಟಿನಲ್ಲಿ 8 ಸಣ್ಣ ಎಲುಬುಗಳಿವೆ. ಹುಟ್ಟುವಾಗ ಅವು ಇನ್ನೂ ಎಲುಬಾಗಿರುವುದಿಲ್ಲ, ಮೃದುವಾಗಿರುತ್ತವೆ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು ಎಲ್ಲವೂ ಎಲುಬಾಗಲು ಹತ್ತು-ಹನ್ನೆರಡು ವರ್ಷ ಹಿಡಿಯುತ್ತದೆ. ಇದನ್ನು ತಿಳಿದ ಮೇಲೆ, ಆ ಹುಡುಗ ಕೈ ಝಾಡಿಸುತ್ತಿದ್ದುದನ್ನು ಸೋಮಾರಿತನ ಅಂದುಕೊಂಡಿದ್ದಕ್ಕೆ ನನಗೆ ಬಹಳ ಬೇಜಾರಾಯಿತು.

ಮಣ್ಣಿನ ಹಾವಿನಿಂದಲೇ ಅಕ್ಷರ ಹುಟ್ಟಿದ್ದು ನಾನು ಮೊದಲೇ ಯೋಚಿಸಿಟ್ಟ ಸಂಗತಿಯಲ್ಲ. ಒಬ್ಬಳು ಹುಡುಗಿ ಹಾವನ್ನು ಕೋಡಬಳಿಯ ಹಾಗೆ ಸುತ್ತಿ, ಉಳಿದ ಚೂರನ್ನು ತಲೆಯ ಮೇಲಿಟ್ಟಳು. ನೋಡಿದರೆ ‘ರ’! ಆಟವಾಡುತ್ತ ಕಲಿಸುವ ನಲಿ-ಕಲಿ ಪದ್ಧತಿ ನನಗೆ ನೆನಪಾಯಿತು. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ಅಕ್ಷರ ಕಲಿಸುವುದು ಅ ಆ ಇ ಈ ಸಾಲಿನಲ್ಲಿ ಅಲ್ಲ, ‘ರ ಗ ಸ ದ ಅ’ದಿಂದ. ಐದು ಅಕ್ಷರ ಬಂದರೆ ಸಾಕು, ಸರ, ಅಗಸ, ಅರಸ, ಗರಗಸ ಎಂದು ಮಗು ಓದತೊಡಗುತ್ತದೆ. ನಾನು ಅದೇ ಸಾಲು ತೆಗೆದುಕೊಂಡೆ, ಆದರೆ ಮಣ್ಣಿನಲ್ಲಿ. ಮಣ್ಣಿನ ಅಕ್ಷರ ಒಣಗಿದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ಗುರುತಿಸುವ ಆಟ. ಆಮೇಲೆ ಅಗಲ ತಟ್ಟೆಯಲ್ಲಿ ಉಸುಕು ಹರಡಿ ಬೆರಳಿನಿಂದ ಬರೆಯುವುದು. ತಪ್ಪಾದರೆ ತಟ್ಟೆ ಅಲುಗಿಸಿದರೆ ಆಯಿತು. ರಬ್ಬರಿನಿಂದ ಉಜ್ಜಿ ಹಾಳೆ ಕಪ್ಪು ಮಾಡಿಕೊಂಡು ಅಳುವುದು ನಿಂತಿತು. ಬಡಗಿಯ ಮಗನೊಬ್ಬ ‘ಗರಗಸ’ವನ್ನು ಉಸುಕಿನಲ್ಲಿ ಬರೆದು, ಅಪ್ಪ ಬಂದು ನೋಡುವವರೆಗೆ ತಟ್ಟೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಗುಳ್ಳವ್ವನ ಅಲಂಕಾರಕ್ಕೆ ಕುಸುಬಿ, ಜೋಳ ಅಂಟಿಸುವುದು ಚಿವುಟು ಹಿಡಿತಕ್ಕೆ ಬಹಳ ಒಳ್ಳೆಯದು. ಮನೆಗಳಲ್ಲಿ ಗುಲಗಂಜಿಯನ್ನೂ ಹಚ್ಚುತ್ತಾರೆ. ತರಗತಿಗೆ ಅದನ್ನು ನಾನು ತರುವುದೇ ಇಲ್ಲ. ಕೆಂಪಗೆ ಚೆಂದ ಕಾಣುತ್ತದೆ, ಆದರೆ ಅಗಿದರೆ ವಿಷ. ಕಾಳಿನ ವಿಷಯದಲ್ಲಿ ನನಗೊಂದು ಕಹಿ ಅನುಭವವೂ ಇದೆ. ಒಬ್ಬ ಹುಡುಗ ಬಟಾಣಿಯನ್ನು ಮೂಗಿನೊಳಗೆ ತುರುಕಿಕೊಂಡ. ಒಣ ಕಾಳು ಒದ್ದೆಗೆ ಉಬ್ಬುತ್ತದೆ, ತೆಗೆಯಲು ಹೋದರೆ ಇನ್ನೂ ಒಳಕ್ಕೆ ಹೋಗುತ್ತದೆ. ನಾವು ಕೈ ಹಾಕದೆ ನೇರ ವೈದ್ಯರ ಹತ್ತಿರ ಓಡಿದೆವು. ಮಗುವಿಗೆ ಏನೂ ಆಗಲಿಲ್ಲ, ಅವನ ತಾಯಿಯ ಎದುರು ನಿಂತಾಗ ನನ್ನ ಕಾಲು ನಡುಗುತ್ತಿದ್ದವು. ಅಂದಿನಿಂದ ಎಣಿಕೆಗೆ ಹುಣಸಿಬೀಜವನ್ನೇ ಬಳಸುತ್ತೇವೆ. ಸಣ್ಣ ಕಾಳಿನ ಕೆಲಸ ಒಮ್ಮೆಗೆ ಆರು ಮಕ್ಕಳಿಗೆ ಮಾತ್ರ, ನಾನು ಪಕ್ಕದಲ್ಲೇ ಕೂತು. ಬೀಜವನ್ನು ಎಣಿಸಿ ಕೊಡುತ್ತೇನೆ, ಎಣಿಸಿ ತೆಗೆದುಕೊಳ್ಳುತ್ತೇನೆ. ಹತ್ತರವರೆಗಿನ ಎಣಿಕೆ ಹೀಗೆಯೇ ಬಂದುಬಿಡುತ್ತದೆ.

ಪಂಚಮಿ ಹೊತ್ತಿಗೆ ತರಗತಿಯಲ್ಲಿ ಉಂಡಿಗಳ ಜಾತ್ರೆ. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ, ಬೇಸನ್ ಉಂಡಿ. ಬಣ್ಣ, ಗಾತ್ರ ನೋಡಿ ಸಾಲು ಹಚ್ಚಿ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಲೆಕ್ಕ ಮಾಡಿ, ಆಮೇಲೆ ತಿನ್ನುವುದು. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರ್ರನೆ ತಿರುಗಿಸುವ ಆಟಕ್ಕೆ ಎರಡೂ ಕೈ ಒಂದೇ ತಾಳದಲ್ಲಿ ನಡೆಯಬೇಕು. ತೂತು ಹಾಕುವ ಕೆಲಸ ನನ್ನದು, ಪೋಣಿಸುವುದು ಅವರದು. ಊಟದ ಹೊತ್ತಿಗೂ ಒಂದು ನಿಯಮವಿದೆ: ಡಬ್ಬಿಯ ಮುಚ್ಚಳ ಅವರೇ ತೆಗೆಯಬೇಕು, ತೆಗೆಯಲಾಗದಿದ್ದರೆ ಗೆಳೆಯನನ್ನು ಕೇಳಬೇಕು, ಕೊನೆಗೆ ನಾನು. ಸೂಸಲಾ ತಂದವರು ಒಂದೊಂದೇ ಚುರಮರಿ ಹೆಕ್ಕಿ ತಿನ್ನುವುದನ್ನು ಮೊದಲು ನಾನು ಗದರಿಸುತ್ತಿದ್ದೆ. ಈಗ ಸುಮ್ಮನೆ ನೋಡುತ್ತ ಕೂರುತ್ತೇನೆ.

ಸೆಪ್ಟೆಂಬರ್‌ನ ಪಾಲಕರ ಸಭೆ ಮಾತ್ರ ಕಷ್ಟದ್ದು. 3ರಿಂದ 6 ವರ್ಷದ ಮಕ್ಕಳಿಗೆ ಪಠ್ಯಪುಸ್ತಕದ ಭಾರ ಬೇಡ, ಆಟದಿಂದ ಕಲಿಯಲಿ ಎಂದು 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೇಳುತ್ತದೆ ಎಂದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು, ಯಾರ ಮುಖದಲ್ಲೂ ಸಮಾಧಾನ ಇರಲಿಲ್ಲ. ಒಬ್ಬಳು ಹುಡುಗಿಯ ಅಜ್ಜಿ ಎದ್ದು ನಿಂತು ನೇರವಾಗಿ ಕೇಳಿದರು: “ಅಕ್ಕೋರ, ಮೂರು ತಿಂಗಳಾತು. ಬಾಜೂ ಮನಿ ಹುಡುಗ ಎಬಿಸಿಡಿ ಎಲ್ಲಾ ಬರೀತಾನ. ನಮ್ಮಕಿ ಬರೇ ಮಣ್ಣಾಗ ಆಡಿ ಬರ್ತಾಳ. ಫೀ ಕಟ್ಟಿದ್ದು ಇದಕ್ಕೇನ್ರಿ?”

ಅವರ ಪ್ರಶ್ನೆ ನ್ಯಾಯದ್ದೇ. ಮಗಳು ಮನೆಗೆಲಸ ಮಾಡಿ ಗಳಿಸಿದ ದುಡ್ಡು ಅದು. ನಾನು ಕೇಳಿದೆ, “ಅಜ್ಜಿ, ನಿಮಗ ಪಾಯಸದ ಗೌಲಿ ಮಾಡಾಕ ಬರ್ತದೇನ್ರಿ?”

“ಬರ್ತದ. ಯಾಕ್ರಿ?”

“ನಾಳೆ ಬಂದು ನಮ್ಮ ಹುಡುಗರಿಗೆ ಕಲಿಸ್ತೀರೇನ್ರಿ?”

ಬಂದರು. ಕಣಕ ನಾದಿಕೊಂಡೇ ಬಂದಿದ್ದರು. ಚಾಪೆಯ ಮೇಲೆ ಕೂತು, ಚೂರು ಹಿಟ್ಟನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹೊಸೆದು ಗೌಲಿ ಉದುರಿಸಿದರು. ಅಕ್ಕಿಕಾಳಿನಷ್ಟು ಸಣ್ಣ, ಎರಡೂ ತುದಿ ಚೂಪು. ಮಕ್ಕಳು ಮುಗಿಬಿದ್ದರು. ಕೆಲವರದು ಚಪ್ಪಟೆಯಾಯಿತು, ಕೆಲವರದು ಬೆರಳಿಗೇ ಅಂಟಿತು. “ಒತ್ತಬ್ಯಾಡವಾ, ಹಗೂರಕ ಹೊಸಿ” ಎಂದು ಒಬ್ಬೊಬ್ಬರ ಬೆರಳು ಹಿಡಿದು ತೋರಿಸಿದರು. ಅವರ ಮೊಮ್ಮಗಳು, ಎರಡು ತಿಂಗಳು ಎತ್ತಿನ ಕೋಡು ತೀಡಿದವಳು, ಹತ್ತು ನಿಮಿಷದಲ್ಲಿ ಸರಿಯಾದ ಗೌಲಿ ಮಾಡಿದಳು. ಅಜ್ಜಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. “ನನಗ ಇದು ಬಂದಾಗ ಎಂಟು ವರ್ಷದಾಕಿ ಆಗಿದ್ದೆ ನೋಡ್ರಿ” ಅಂದರು.

ಆಗ ನಾನು ಪೆನ್ಸಿಲ್ ತೆಗೆದು ಅದೇ ಬೆರಳುಗಳಲ್ಲಿ ಹಿಡಿದು ತೋರಿಸಿದೆ, ಹೆಬ್ಬೆರಳು, ತೋರುಬೆರಳು, ಕೆಳಗೆ ಆನಿಕೆಗೆ ನಡುಬೆರಳು. ಹೆಚ್ಚು ವಿವರಣೆ ಬೇಕಾಗಲಿಲ್ಲ. ಈಗ ಪ್ರತಿ ವರ್ಷ ಆ ಅಜ್ಜಿ ಗಣಪ್ಪನ ಹಬ್ಬ ಮುಗಿದ ಮೇಲೆ ಒಂದು ದಿನ ಬರುತ್ತಾರೆ. ಒಣಗಿದ ಗೌಲಿಯಿಂದ ಶಾಲೆಯಲ್ಲೇ ಪಾಯಸ.

ದಸರೆ ರಜೆ ಮುಗಿದ ಮೊದಲ ದಿನ ಪೆನ್ಸಿಲ್ ಹಂಚುತ್ತೇನೆ. ಗಿಡ್ಡ ಪೆನ್ಸಿಲ್ಲೇ ಒಳ್ಳೆಯದು, ಉದ್ದದ್ದನ್ನು ಮಕ್ಕಳು ಮುಷ್ಟಿಯಲ್ಲಿ ಹಿಡಿಯುತ್ತಾರೆ. “ಗೌಲಿ ಹೊಸದಂಗ ಹಿಡೀರಿ” ಅಂದರೆ ಸಾಕು, ಬಹಳ ಮಕ್ಕಳ ಬೆರಳು ತಾವೇ ಸರಿಯಾಗಿ ಕೂರುತ್ತವೆ. ಎಡಗೈಯವರನ್ನು ಬಲಗೈಗೆ ತಿರುಗಿಸಬೇಡಿ ಎಂದು ಮನೆಯವರಿಗೆ ಅವತ್ತೇ ಹೇಳಿ ಕಳಿಸುತ್ತೇನೆ. ಮಣ್ಣಿನ ಕೆಲಸದಲ್ಲಿ ಯಾವ ಕೈ ಮುಂದೆ ಬರುತ್ತದೆ ಎಂದು ನಾಲ್ಕು ತಿಂಗಳು ನೋಡಿರುತ್ತೇನೆ, ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ.

ಮಕ್ಕಳು ಮೊದಲು ಬರೆಯುವ ಮಾತು ಮನೆಯದ್ದೇ ಆಗಿರುತ್ತದೆ. ‘ಮನಿ’, ‘ಎಮ್ಮಿ’, ‘ಜ್ವಾಳ’. ನಾನು ಕೆಂಪು ಗೆರೆ ಹಾಕುವುದಿಲ್ಲ. ಮಗು ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ. “ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ” ಎಂದು ಎರಡನ್ನೂ ಬೋರ್ಡಿನ ಮೇಲೆ ಬರೆಯುತ್ತೇನೆ. ಮನೆಯಲ್ಲಿ ಉರ್ದು ಆಡುವ ಹುಡುಗಿಯೊಬ್ಬಳು ಮೂರನೆಯದಾಗಿ “ಘರ್” ಅಂದಳು. ಅದೂ ಬೋರ್ಡಿಗೆ ಏರಿತು.

ಎಲ್ಲರಿಗೂ ಮಾರ್ಚ್ ಒಳಗೆ ಬರವಣಿಗೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಕಳೆದ ವರ್ಷ ಮೂವರು ಇನ್ನೂ ಮುಷ್ಟಿಯಲ್ಲೇ ಹಿಡಿಯುತ್ತಿದ್ದರು. ಅವರ ಪ್ರಗತಿ ಪತ್ರದಲ್ಲಿ ‘ಬರವಣಿಗೆ ನಿಧಾನ’ ಎಂದಷ್ಟೇ ಬರೆದು ಬಿಡಲು ಮನಸ್ಸಾಗಲಿಲ್ಲ. ಒಂದನೇ ತರಗತಿಯ ಶಿಕ್ಷಕಿಗೆ ಬೇರೆ ಚೀಟಿ ಬರೆದೆ: ಒಬ್ಬನಿಗೆ ಉಸುಕಿನ ತಟ್ಟೆ ಇನ್ನೂ ಬೇಕು. ಒಬ್ಬಳು ಗುಂಡಿ ಹಾಕುತ್ತಾಳೆ, ಕತ್ತರಿ ಹಿಡಿಯುತ್ತಾಳೆ, ಪೆನ್ಸಿಲ್ಲಿಗೆ ಸ್ವಲ್ಪ ಹೆದರುತ್ತಾಳೆ. ಮೂರನೆಯವನು ಐದು ಅಕ್ಷರದ ಪದ ಓದುತ್ತಾನೆ, ದಯವಿಟ್ಟು ಅವನಿಂದ ಬಾಯಲ್ಲಿ ಉತ್ತರ ಕೇಳಿರಿ. ಚೀಟಿಯ ಜೊತೆ ಮೂವರು ಮಾಡಿದ ಎತ್ತುಗಳನ್ನೂ ರಟ್ಟಿನ ಡಬ್ಬಿಯಲ್ಲಿಟ್ಟು ಅವರ ಮೇಜಿನ ಮೇಲೆ ಇಟ್ಟುಬಂದೆ.