ಹಿಂದೆ ಅಂಟಿಕೊಂಡು ಬರುವವನಿಗಾಗಿ ಮುಂದೆ ಜಾಗ

ಕೆಲಸಕ್ಕೆ ಹೋಗಿ ಬರಲು ನಾನು ದಿನಾ ಹೈವೇಯಲ್ಲೇ ಕಾರು ಓಡಿಸುತ್ತೇನೆ. ಇಂಡಿಕೇಟರ್ ಹಾಕದೆ ನುಗ್ಗುವವರು, ಫೋನ್ ನೋಡುತ್ತಾ ಓಡಿಸುವವರು, ಹಿಂದೆಯೇ ಅಂಟಿಕೊಂಡು ಲೈಟ್ ಹೊಡೆಯುವವರು, ಇವರಲ್ಲಿ ಒಬ್ಬರಾದರೂ ಸಿಗದ ದಿನ ಇಲ್ಲ. ಅವರಿಗೆ ಬುದ್ಧಿ ಕಲಿಸಲು ನಾನು ಹೋಗುವುದಿಲ್ಲ. ಅವರು ತಪ್ಪು ಮಾಡುವ ಹೊತ್ತಿಗೆ ನನ್ನ ಸುತ್ತ ಜಾಗ ಇರಬೇಕು. ನನ್ನ ಗಮನ ಪೂರ್ತಿ ಅದರ ಮೇಲೇ ಇರುತ್ತದೆ.

ಎಲ್ಲರಿಗಿಂತ ಜಾಸ್ತಿ ಕಾಟ ಕೊಡುವವನು ಹಿಂದೆ ಅಂಟಿಕೊಂಡು ಬರುವವನು. ಕನ್ನಡಿಯಲ್ಲಿ ನೋಡಿದರೆ ಅವನ ಕಾರಿನ ಹೆಡ್‌ಲೈಟೇ ಕಾಣುವುದಿಲ್ಲ, ಅಷ್ಟು ಹತ್ತಿರ. ವೇಗ ಹೆಚ್ಚಿಸಿ ತಪ್ಪಿಸಿಕೊಳ್ಳೋಣ ಅನಿಸುತ್ತದೆ. ಇಲ್ಲವೇ ಸುಮ್ನೆ ಒಮ್ಮೆ ಬ್ರೇಕ್ ಮುಟ್ಟಿ ಹೆದರಿಸೋಣ ಅನಿಸುತ್ತದೆ. ಎರಡನ್ನೂ ನಾನು ಮಾಡುವುದಿಲ್ಲ. ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲ ಮಾಡಿ, ನನ್ನ ಮುಂದಿರುವ ವಾಹನದಿಂದ ಇನ್ನಷ್ಟು ದೂರ ಉಳಿಯುತ್ತೇನೆ. ಹಿಂದಿರುವವನಿಗಾಗಿ ಮುಂದೆ ಜಾಗ ಬಿಡುವುದು ವಿಚಿತ್ರ ಅನಿಸಬಹುದು. ಆದರೆ ಮುಂದೆ ಏನೇ ಆದರೂ ಆಗ ನಾನು ಗಕ್ಕನೆ ಬ್ರೇಕ್ ಒತ್ತಬೇಕಿಲ್ಲ, ನಿಧಾನವಾಗಿ ವೇಗ ಇಳಿಸಬಹುದು. ಅವನಿಗೂ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ. ಅವನು ಬಿಡದ ಅಂತರವನ್ನು ಅವನ ಪರವಾಗಿ ನಾನೇ ಬಿಟ್ಟ ಹಾಗೆ.

ಪಕ್ಕದ ಲೇನ್ ಖಾಲಿಯಾದ ಕೂಡಲೇ ದಾರಿ ಕೊಡುತ್ತೇನೆ. 'ನಾನು ಮಿತಿಯ ವೇಗದಲ್ಲೇ ಇದ್ದೇನೆ, ಯಾಕೆ ಬಿಡಬೇಕು?' ಎಂದು ಕೇಳುವವರಿದ್ದಾರೆ. ಸರಿಯೇ. ಆದರೆ ಆ ಹಟ ಸಾಧಿಸಲು ಅಂಥವನನ್ನು ಬೆನ್ನಿಗೆ ಕಟ್ಟಿಕೊಂಡು ಮೈಲಿಗಟ್ಟಲೆ ಹೋಗಬೇಕು, ಅಲ್ವಾ?

ಮಾಮೂಲಿ ದಿನಗಳಲ್ಲಿ ಮುಂದಿನ ವಾಹನಕ್ಕೂ ನನಗೂ 3 ಸೆಕೆಂಡ್ ಅಂತರ ಇಟ್ಟುಕೊಳ್ಳುತ್ತೇನೆ. ಮುಂದಿನ ವಾಹನ ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ಅದೇ ಕಂಬದ ಹತ್ತಿರ ನಾನು ಬರುವವರೆಗೆ ಎಣಿಸಿದರೆ ಅಂತರ ಎಷ್ಟು ಸೆಕೆಂಡ್ ಎಂದು ಗೊತ್ತಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಮಳೆ ಬಂದರೆ ಅಂತರ ಎರಡರಷ್ಟು. ಆ ಜಾಗಕ್ಕೆ ಯಾರಾದರೂ ನುಗ್ಗಿಯೇ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಸ್ವಲ್ಪ ಹಿಂದೆ ಸರಿದು ಅಂತರ ಮಾಡಿಕೊಳ್ಳುತ್ತೇನೆ. ತಡವಾಗುತ್ತದೆ ಅನ್ನುವವರು ಲೆಕ್ಕ ಹಾಕಲಿ: 30 ಕಿಲೋಮೀಟರ್ ದಾರಿಯನ್ನು 100ರ ವೇಗದಲ್ಲಿ ಹೋದರೆ 18 ನಿಮಿಷ, 80ರಲ್ಲಿ ಇಪ್ಪತ್ತೆರಡೂವರೆ. ಉಳಿಯುವುದು ನಾಲ್ಕೂವರೆ ನಿಮಿಷ. ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಮಾತ್ರ ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ.

ಫೋನ್ ನೋಡುವವರನ್ನು ಈಗ ದೂರದಿಂದಲೇ ಗುರುತಿಸುತ್ತೇನೆ. ಕಾರು ಲೇನ್ ಒಳಗೇ ಮೆಲ್ಲಗೆ ಒಂದು ಕಡೆ ವಾಲುತ್ತಾ ಹೋಗುತ್ತದೆ. ಚಕ್ರ ಬಿಳಿ ಗೆರೆ ಮುಟ್ಟಿದ ತಕ್ಷಣ ಸರಕ್ಕನೆ ಒಳಗೆ ಬರುತ್ತದೆ. ವೇಗ ಕಾರಣವಿಲ್ಲದೆ ಇಳಿಯುತ್ತದೆ, ಮತ್ತೆ ಏರುತ್ತದೆ. ಕತ್ತಲಾಗುವ ಹೊತ್ತಾದರೆ ಗಲ್ಲದ ಕೆಳಗಿಂದ ಮುಖಕ್ಕೆ ಬೆಳಕು ಬಿದ್ದಿರುತ್ತದೆ. 90ರ ವೇಗದಲ್ಲಿ 4 ಸೆಕೆಂಡ್ ಫೋನ್ ನೋಡಿದರೆ 100 ಮೀಟರ್ ರಸ್ತೆಯನ್ನು ನೋಡದೆಯೇ ದಾಟಿದಂತೆ. ಇಂಥವರ ಪಕ್ಕದಲ್ಲಿ ನಾನು ಒಂದು ಕ್ಷಣವೂ ನಿಲ್ಲುವುದಿಲ್ಲ. ಮಧ್ಯೆ ಒಂದು ಲೇನ್ ಬಿಟ್ಟು ದಾಟಲು ಆದರೆ ದಾಟುತ್ತೇನೆ, ಇಲ್ಲದಿದ್ದರೆ ಹಿಂದೆಯೇ ಉಳಿಯುತ್ತೇನೆ.

ಇಂಡಿಕೇಟರ್ ನಂಬುವುದನ್ನು ಬಿಟ್ಟಿದ್ದೇನೆ, ಮುಂದಿನ ಚಕ್ರ ನೋಡುತ್ತೇನೆ. ಕಾರು ಪಕ್ಕಕ್ಕೆ ಸರಿಯುವ ಮೊದಲು ಚಕ್ರ ತಿರುಗಲೇಬೇಕು. ಲಾರಿಯಾದರೆ ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ಹುಡುಕುತ್ತೇನೆ. ಮುಖ ಕಾಣದಿದ್ದರೆ ಅವರಿಗೂ ನಾನು ಕಾಣುತ್ತಿಲ್ಲ. ಹೈವೇಯಿಂದ ಹೊರಹೋಗುವ ದಾರಿ ಹತ್ತಿರವಾದಾಗ ಯಾರ ಪಕ್ಕದಲ್ಲೂ ಸಮನಾಗಿ ಹೋಗುವುದಿಲ್ಲ. ಕೊನೆ ಗಳಿಗೆಯಲ್ಲಿ ಎರಡು ಲೇನ್ ಅಡ್ಡ ಹಾಯುವವರು ಅಲ್ಲೇ ಜಾಸ್ತಿ.

ಹಾರ್ನ್ ಬಳಸುವುದು ನಾನಿರುವುದು ತಿಳಿಸಲು ಮಾತ್ರ, ಅದೂ ಚಿಕ್ಕದಾಗಿ. ಕೆಣಕುವವರ ಕಡೆ ತಿರುಗಿಯೂ ನೋಡುವುದಿಲ್ಲ. ಯಾರಾದರೂ ಸಿಟ್ಟಿನಿಂದ ಬೆನ್ನು ಹತ್ತಿದರೆ ಗಾಡಿ ನಿಲ್ಲಿಸುವುದಿಲ್ಲ, ಮನೆ ಕಡೆಗೂ ಹೋಗುವುದಿಲ್ಲ. ಜನ ಇರುವ ಕಡೆ ಅಥವಾ ಪೊಲೀಸ್ ಠಾಣೆ ಕಡೆ ತಿರುಗಿಸುವುದೇ ಸರಿ. ಮುಂದಿನ ಗಾಜಿಗೆ ಡ್ಯಾಶ್‌ಕ್ಯಾಮ್, ಅಂದರೆ ರಸ್ತೆಯನ್ನು ರೆಕಾರ್ಡ್ ಮಾಡುವ ಕ್ಯಾಮೆರಾ, ಹಾಕಿಸಿದ್ದೇನೆ. ನಿಜಕ್ಕೂ ಅಪಾಯ ತರುವಂಥ ಗಾಡಿ ಕಂಡರೆ ಅದರ ನಂಬರ್ ಅದರಲ್ಲಿ ಇರುತ್ತದೆ, ದೂರು ಕೊಡುವುದು ಕಾರು ನಿಲ್ಲಿಸಿದ ಮೇಲೆ.